ಹಿಮದ ಟಯರ್ ಅಲ್ಲಿಗೆ, ಮಳೆಯ ಟಯರ್ ಇಲ್ಲಿಗೆ

ಗಾಡಿ ಮಾತು: ಓದುಗರ ಪ್ರಶ್ನೆ, ಟಯರ್ ಅಂಗಡಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಕಾರಿನ ಟಯರ್ ಬಗ್ಗೆಯೇ. ಸೀತಾಂಗೋಳಿ ರಸ್ತೆಯ ನಮ್ಮ ಅಂಗಡಿಗೂ ಈಗ ಅಂಥ ಕಾರುಗಳು ಜಾಸ್ತಿ ಬರುತ್ತಿವೆ. ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ಟಯರ್ ಹಾಕಿದರೆ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಜಾಸ್ತಿ ಸಿಗುತ್ತದೆ?’ ರೇಂಜ್ ಬೇಕು, ಸರಿ. ಆದರೆ ಕಾರು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ಜಾಗ ಒದ್ದೆಯಲ್ಲಿ, ಚಳಿಯಲ್ಲಿ ಹಿಡಿಯುತ್ತದಾ ಅಂತ ಮೊದಲು ನೋಡಬೇಕು. ಕೆಳಗಿನ ಉತ್ತರಗಳನ್ನೆಲ್ಲ ಅದೇ ದೃಷ್ಟಿಯಿಂದ ಬರೆದಿದ್ದೇನೆ.

ಪ್ರಶ್ನೆ: ಮಗಳು, ಅಳಿಯ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾರೆ. ಕಳೆದ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡರು. ಚಳಿಗಾಲಕ್ಕೆ ಟಯರ್ ಬದಲಿಸಲೇಬೇಕು ಅಂತ ಅಲ್ಲಿ ಕಾನೂನು ಇದೆಯಂತೆ. ಅಳಿಯ ‘ಆಲ್-ವೆದರ್ ಹಾಕಿದರೆ ವರ್ಷವಿಡೀ ಒಂದೇ ಸೆಟ್ ಸಾಕು’ ಎನ್ನುತ್ತಾನೆ. ಮಗಳಿಗೆ ವಿಂಟರ್ ಟಯರೇ ಬೇಕು. ಡಿಸೆಂಬರಿನಲ್ಲಿ ನಾವಿಬ್ಬರೂ ಹೋಗುವವರಿದ್ದೇವೆ, ಅದೇ ಕಾರಿನಲ್ಲಿ ಓಡಾಟ. ಯಾರ ಮಾತು ಸರಿ? ಇನ್ನೊಂದು, ಊರಲ್ಲಿರುವ ನಮ್ಮ ನೆಕ್ಸಾನ್ ಇವಿಗೂ ಅಂಥ ಆಲ್-ವೆದರ್ ಟಯರ್ ತರಿಸಿ ಹಾಕಿದರೆ ಮಳೆಗಾಲಕ್ಕೆ ಒಳ್ಳೆಯದಲ್ವಾ?
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯಾ

ಉತ್ತರ: ಮಾಷ್ಟ್ರೇ, ಮೊದಲು ಕಾನೂನಿನ ವಿಷಯ ಮುಗಿಸುತ್ತೇನೆ. ಮಾಂಟ್ರಿಯಲ್ ಇರುವುದು ಕ್ವಿಬೆಕ್ ಪ್ರಾಂತ್ಯದಲ್ಲಿ. ಅಲ್ಲಿ 2008ರಿಂದ ಚಳಿಗಾಲದ ಟಯರ್ ಕಡ್ಡಾಯ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ನಿಯಮ ಜಾರಿಯಲ್ಲಿರುತ್ತದೆ. ತಪ್ಪಿದರೆ 200ರಿಂದ 300 ಡಾಲರ್ ದಂಡ. ಕಾರಿನಲ್ಲಿರುವ ಟಯರ್ ನಡೆಯುತ್ತದಾ ಇಲ್ಲವಾ ಅಂತ ತಿಳಿಯಲು ಅದರ ಸೈಡ್‌ವಾಲ್, ಅಂದರೆ ಬದಿಯ ಗೋಡೆ, ನೋಡಿದರೆ ಸಾಕು. ಮೂರು ಶಿಖರಗಳ ಒಂದು ಬೆಟ್ಟ, ಅದರೊಳಗೆ ಹಿಮದ ಒಂದು ಹರಳು, ಹೀಗೊಂದು ಚಿತ್ರ ಅಚ್ಚೊತ್ತಿರಬೇಕು. ಅದಿದ್ದರೆ ಕಾನೂನಿಗೆ ಸಾಕು. ಹೊಸ ಕಾರಿನ ಜೊತೆ ಸಾಮಾನ್ಯವಾಗಿ ಬರುವ ಆಲ್-ಸೀಸನ್ ಟಯರ್‌ಗಳಲ್ಲಿ ‘ಎಂ ಪ್ಲಸ್ ಎಸ್’ ಅಂತ ಮಾತ್ರ ಬರೆದಿರುತ್ತದೆ. ಕೆಸರಿಗೂ ಹಿಮಕ್ಕೂ ಆಗುತ್ತದೆ ಅಂತ ಕಂಪನಿಯವರು ತಾವಾಗಿಯೇ ಹೇಳಿಕೊಳ್ಳುವ ಗುರುತು ಅದು. ಅದಕ್ಕೆ ಹಿಮದ ಮೇಲಿನ ಪರೀಕ್ಷೆ ಇಲ್ಲ. ಬೆಟ್ಟದ ಚಿತ್ರ ಬೇಕಾದರೆ ಒತ್ತಿದ ಹಿಮದ ಮೇಲೆ ಓಡಿಸಿ ಪಾಸಾಗಬೇಕು. ಜರ್ಮನಿಯಲ್ಲೂ 2024ರ ಅಕ್ಟೋಬರ್‌ನಿಂದ ಬರೇ ‘ಎಂ ಪ್ಲಸ್ ಎಸ್’ ಇದ್ದರೆ ಚಳಿಗಾಲದ ಟಯರ್ ಅಂತ ಒಪ್ಪುವುದಿಲ್ಲ.

ನಿಮ್ಮ ಅಳಿಯ ಹೇಳುವ ಆಲ್-ವೆದರ್ ಟಯರ್‌ಗೆ ಆ ಬೆಟ್ಟದ ಗುರುತು ಇರುತ್ತದೆ. ಹಾಗಾಗಿ ಪೊಲೀಸರು ಹಿಡಿಯುವುದಿಲ್ಲ. ಆದರೆ ದಂಡ ತಪ್ಪಿದರೆ ಮುಗಿಯಿತು ಅನ್ನುವ ಹಾಗಿಲ್ಲವಲ್ಲ.

ರಬ್ಬರಿನ ಗುಣ ನಿಮಗೆ ನಾನು ಹೇಳಬೇಕಿಲ್ಲ. ನಿಮ್ಮ ಆದೂರು, ಬಂದಡ್ಕ ಕಡೆ ಗುಡ್ಡೆ ತುಂಬ ರಬ್ಬರ್ ತೋಟವೇ ಇದೆ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುವ ಹಾಗೆ, ಬೇಸಿಗೆ ಟಯರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಬಿಗಿಯಾದ ರಬ್ಬರ್ ರಸ್ತೆಯ ಸಣ್ಣ ತರಿಗಳಿಗೆ ಅಂಟಿಕೊಳ್ಳುವುದಿಲ್ಲ. ಹಿಮವೇ ಬೇಕೆಂದಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟಯರಿನ ಮಿಶ್ರಣದಲ್ಲಿ ಸಹಜ ರಬ್ಬರ್, ಸಿಲಿಕಾ ಎಲ್ಲ ಜಾಸ್ತಿ ಇರುತ್ತದೆ. ಮರದ ಹಾಲಿನಿಂದ ಬಂದ ರಬ್ಬರ್ ಬಹಳ ಕಡಿಮೆ ಉಷ್ಣತೆಯವರೆಗೂ ಮೆತ್ತಗೇ ಇರುತ್ತದೆ, ಅದಕ್ಕೇ ಅದನ್ನು ಹಾಕುವುದು. ಮತ್ತೆ ಬಟನ್‌ಗಳ, ಅಂದರೆ ನೆಲ ಮುಟ್ಟುವ ರಬ್ಬರ್ ಉಬ್ಬುಗಳ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳು. ಟಯರ್ ಉರುಳುವಾಗ ಅವು ಬಾಯಿ ಬಿಟ್ಟು ಹಿಮವನ್ನು ಕಚ್ಚುತ್ತವೆ. ಈ ವಿದ್ಯೆಯಲ್ಲಿ ಮೊದಲಿಗರು ಫಿನ್ಲೆಂಡಿನವರು. 1934ರಲ್ಲೇ ಲಾರಿಗೆ ಹಿಮದ ಟಯರ್ ಮಾಡಿದರು, 1936ರಲ್ಲಿ ಕಾರಿಗೆ ಹಕ್ಕಾಪೆಲಿಟ್ಟಾ ಅಂತ ತಂದರು. ಆ ಹೆಸರಿನ ಟಯರ್ ಇವತ್ತಿಗೂ ಮಾರಾಟದಲ್ಲಿದೆ.

ಆಲ್-ವೆದರ್ ಅನ್ನುವುದು ಬೇಸಿಗೆ ಟಯರ್, ಚಳಿಗಾಲದ ಟಯರ್ ಎರಡರ ನಡುವಿನ ರಾಜಿ. ಮಾಂಟ್ರಿಯಲ್‌ನಲ್ಲಿ ಜುಲೈಯಲ್ಲಿ 30 ಡಿಗ್ರಿ ಬಿಸಿಲೂ ಬರುತ್ತದೆ, ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಇಳಿಯುತ್ತದೆ. ಎರಡಕ್ಕೂ ಒಂದೇ ರಬ್ಬರ್ ಅಂದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಲೇಬೇಕು. ಹಿಮದಲ್ಲಿ ಪರವಾಗಿಲ್ಲ. ಗಟ್ಟಿ ಮಂಜುಗಡ್ಡೆಯ ಮೇಲೆ ವಿಂಟರ್ ಟಯರೇ ಮೇಲು. ಬೆಟ್ಟದ ಗುರುತಿನ ಪರೀಕ್ಷೆ ನಡೆಯುವುದು ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ ಅಲ್ಲ. ಹಾಗಾಗಿ ಗುರುತು ಇರುವ ಎರಡು ಟಯರ್ ಸಮಾನ ಅಂತ ತಿಳಿಯಬಾರದು.

ಇನ್ನು ಕಾರು ಎಲೆಕ್ಟ್ರಿಕ್ ಆದದ್ದರಿಂದ ಬರುವ ವ್ಯತ್ಯಾಸ. ಬ್ಯಾಟರಿಯಿಂದಾಗಿ ಗಾಡಿ ಭಾರ. ಭಾರದ ಗಾಡಿ ನೆಲಕ್ಕೆ ಒತ್ತಿ ಕೂರುವುದು ನಿಜ, ಆದರೆ ಜಾರಲು ಶುರುವಾದರೆ ನಿಲ್ಲಿಸುವುದೂ ಅಷ್ಟೇ ಕಷ್ಟ. ನಾಲ್ಕು ಚಕ್ರಕ್ಕೂ ಮೋಟಾರ್ ಇರುವ ಕಾರಾದರೆ ಹೊರಡುವುದು ಸುಲಭ. ನಿಲ್ಲುವಾಗ ಆ ಮೋಟಾರಿಗಿಂತ ಟಯರ್ ಮುಖ್ಯ. ಪೆಡಲ್ ಬಿಟ್ಟ ಕೂಡಲೇ ಮೋಟಾರೇ ಬ್ರೇಕ್ ಹಿಡಿಯುತ್ತದಲ್ಲ, ಆ ರೀಜೆನ್ ಸಹ ಮಂಜುಗಡ್ಡೆಯ ಮೇಲೆ ಚಕ್ರವನ್ನು ಜಾರಿಸಬಹುದು. ಅಂಥ ದಿನ ರೀಜೆನ್ ಕಡಿಮೆ ಹಂತದಲ್ಲಿಡಲು ಅಳಿಯನಿಗೆ ಹೇಳಿ. ರೇಂಜ್ ವಿಷಯದಲ್ಲಿ ವಿಂಟರ್ ಟಯರ್ ಸ್ವಲ್ಪ ತಿನ್ನುತ್ತದೆ, ಸುಳ್ಳಲ್ಲ. ಆದರೆ ಚಳಿಗಾಲದಲ್ಲಿ ರೇಂಜ್ ಇಳಿಯುವುದಕ್ಕೆ ದೊಡ್ಡ ಕಾರಣ ತಣ್ಣಗಾದ ಬ್ಯಾಟರಿ ಮತ್ತು ಕಾರಿನೊಳಗಿನ ಹೀಟರ್. ಪ್ಲಗ್‌ನಲ್ಲಿ ಇರುವಾಗಲೇ ಕಾರು ಬಿಸಿ ಮಾಡಿಕೊಂಡು ಹೊರಟರೆ ಎಷ್ಟೋ ಉಳಿಯುತ್ತದೆ. ಟಯರಿನಲ್ಲಿ ಉಳಿಸಲು ಹೋಗುವುದು ಬೇಡ.

ನನ್ನನ್ನು ಕೇಳಿದರೆ ನಾನು ಮಗಳ ಪರ. ಬೇರೆ ರಿಮ್‌ನಲ್ಲಿ ಕೂರಿಸಿದ ನಾಲ್ಕು ವಿಂಟರ್ ಟಯರ್, ನವೆಂಬರ್‌ನಲ್ಲಿ ಹಾಕಿ ಏಪ್ರಿಲ್‌ನಲ್ಲಿ ತೆಗೆಯುವುದು. ಖರ್ಚು ಎರಡು ಪಟ್ಟು ಅಂತ ಅಳಿಯ ಹೇಳಬಹುದು. ಹಾಗಲ್ಲ, ಒಂದು ಸೆಟ್ ಓಡುವಾಗ ಇನ್ನೊಂದು ವಿಶ್ರಾಂತಿಯಲ್ಲಿರುತ್ತದೆ, ಎರಡೂ ಹೆಚ್ಚು ವರ್ಷ ಬಾಳುತ್ತವೆ. ಫ್ಲ್ಯಾಟ್‌ನಲ್ಲಿ ಜಾಗ ಇಲ್ಲದಿದ್ದರೆ ಅಲ್ಲಿನ ಟಯರ್ ಅಂಗಡಿಗಳೇ ಬಾಡಿಗೆಗೆ ಇಟ್ಟುಕೊಳ್ಳುತ್ತವೆ. ಅವರು ಪೇಟೆಯೊಳಗೆ ಮಾತ್ರ ಓಡಿಸುವುದು, ಹಿಮ ತೆಗೆದ ರಸ್ತೆ, ಜೋರು ಹಿಮ ಬಿದ್ದ ದಿನ ಮೆಟ್ರೋ ಹತ್ತುವ ಅಭ್ಯಾಸ ಅಂತಾದರೆ ಅಳಿಯನ ಆಲ್-ವೆದರ್ ಕೂಡ ನಡೆಯುತ್ತದೆ. ಆದರೆ ವಾರಾಂತ್ಯಕ್ಕೆ ಉತ್ತರದ ಬೆಟ್ಟಗಳ ಕಡೆ ಹೋಗುವವರಾದರೆ, ಅದೂ ಹಿರಿಯರನ್ನು ಕೂರಿಸಿಕೊಂಡು, ರಾಜಿ ಬೇಡ. ಯಾವುದೇ ಆಗಲಿ ನಾಲ್ಕೂ ಒಂದೇ ಜಾತಿಯದ್ದು ಇರಬೇಕು. ಎರಡು ಮಾತ್ರ ಹಾಕಿದರೆ ಮುಂದಿನದು ಹಿಡಿದು ಹಿಂದಿನದು ಜಾರಿ ಕಾರು ತಿರುಗಿಬಿಡುತ್ತದೆ. ಗಾಳಿಯನ್ನೂ ಆಗಾಗ ನೋಡಲಿ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ತುಂಬಿಸಿದ ಟಯರ್ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋದಾಗ ಸುಮಾರು 6 ಪಿಎಸ್‌ಐ ಕಳೆದುಕೊಂಡಿರುತ್ತದೆ. ಬಟನ್ 4 ಮಿ.ಮೀ.ಗೆ ಇಳಿದರೆ ಆ ಟಯರಿನ ಹಿಮದ ಕೆಲಸ ಮುಗಿಯಿತು.

ನಿಮ್ಮ ಎರಡನೇ ಪ್ರಶ್ನೆ. ಊರಿನ ಕಾರಿಗೆ ಆಲ್-ವೆದರ್ ಖಂಡಿತ ಬೇಡ ಮಾಷ್ಟ್ರೇ. ನಮ್ಮಲ್ಲಿ ಧನು ತಿಂಗಳ ಬೆಳಿಗ್ಗೆಯೂ 7 ಡಿಗ್ರಿಯ ಹತ್ತಿರ ಹೋಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಚೆರ್ಕಳದ ಡಾಂಬರಿನ ಮೇಲೆ ಬರಿಗಾಲು ಇಡಲು ಆಗುತ್ತದಾ? ಚಳಿಗೆ ಅಂತ ಮೆತ್ತಗೆ ಮಾಡಿದ ರಬ್ಬರ್ ಆ ಬಿಸಿಯಲ್ಲಿ ಬೇಗ ಸವೆಯುತ್ತದೆ, ಬಟನ್‌ಗಳು ಅಲುಗುತ್ತವೆ, ಬ್ರೇಕ್ ಹಿಡಿದಾಗ ಕಾರು ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಇಲ್ಲಿ ಸಿಗುವ ಒಳ್ಳೆಯ ರೋಡ್ ಟಯರ್‌ಗಳನ್ನು ಬಿಸಿಲು, ಮಳೆ ಎರಡಕ್ಕೂ ಅಂತಲೇ ಮಾಡಿರುತ್ತಾರೆ. ಸುತ್ತಲೂ ಹೋಗುವ ಅಗಲವಾದ ನೇರ ಚರಂಡಿಗಳು ಮೂರೋ ನಾಲ್ಕೋ ಇರುವ ಟಯರ್ ಆರಿಸಿ. ಒದ್ದೆಯಲ್ಲಿ ಹಿಡಿತ ಹೇಗೆ ಅಂತ ಕೇಳಿ. ಆಮೇಲೆ ರೇಂಜ್ ಕೇಳಿ.

ಪ್ರಶ್ನೆ: ನನ್ನದೂ ನೆಕ್ಸಾನ್ ಇವಿ. ಪೆರ್ಲದಿಂದ ಬದಿಯಡ್ಕ, ಕಾಸರಗೋಡು ದಿನಾ ಓಡಾಟ. ಹಿಂದಿನ ಪೆಟ್ರೋಲ್ ಕಾರಿಗಿಂತ ಮುಂದಿನ ಎರಡು ಟಯರ್ ತುಂಬಾ ಬೇಗ ಸವೆದವು. ಹಿಂದಿನವು ಚೆನ್ನಾಗಿಯೇ ಇವೆ. ಟಯರ್ ಕಂಪನಿಯ ದೋಷವಾ? ಬದಲಿಸುವುದಾದರೆ 205 ಅಗಲದ್ದು ಕಡಿಮೆಗೆ ಸಿಗುತ್ತದೆ, ಹಾಕಬಹುದು ಎಂದು ಒಂದು ಅಂಗಡಿಯಲ್ಲಿ ಹೇಳಿದರು.
– ಅಡಿಕೆ ವ್ಯಾಪಾರಿ, ಪೆರ್ಲ

ಉತ್ತರ: ಅಣ್ಣಾ, ಹೆಚ್ಚಾಗಿ ಇದು ಕಂಪನಿಯ ದೋಷ ಅಲ್ಲ. ನಿಮ್ಮ ಕಾರಿನ ಮೋಟಾರ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಎಲೆಕ್ಟ್ರಿಕ್ ಮೋಟಾರಿಗೆ ಪೂರ್ತಿ ಎಳೆತ ನಿಂತಲ್ಲಿಂದಲೇ ಬರುತ್ತದೆ, ಪೆಟ್ರೋಲ್ ಎಂಜಿನ್ ಹಾಗೆ ಸುತ್ತು ಏರುವವರೆಗೆ ಕಾಯಬೇಕಿಲ್ಲ. ಪೆಡಲ್ ಒತ್ತಿದಾಗ ಮುಂದಿನ ಟಯರ್ ತಳ್ಳುತ್ತದೆ, ಬಿಟ್ಟಾಗ ರೀಜೆನ್ ಹಿಡಿಯುವುದೂ ಅದೇ ಟಯರಿನಲ್ಲಿ, ತಿರುಗಿಸುವುದೂ ಅದರಲ್ಲೇ. ಮೇಲೆ ಬ್ಯಾಟರಿಯ ಭಾರ ಬೇರೆ. ನಿಮ್ಮ ರಸ್ತೆಯೋ, ತಿರುವಿನ ಮೇಲೆ ತಿರುವು, ಏರು, ಇಳಿತ.

ಆದರೆ ಸವೆತ ಹೇಗಿದೆ ಅಂತ ನೋಡದೆ ಹಣ ಕೊಡಬೇಡಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಗಾಡಿ ಆಫ್ ಮಾಡಿ. ಹೊರಗೆ ಬಂದ ಟಯರಿನ ಮುಖದ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಎಳೆಯಿರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ಕಡೆಗೆ ನುಣುಪಾಗಿದ್ದು ಇನ್ನೊಂದು ಕಡೆಗೆ ಬೆರಳಿಗೆ ಗರಗಸದ ಹಾಗೆ ಚುಚ್ಚಿದರೆ ಅಲೈನ್‌ಮೆಂಟ್ ತಪ್ಪಿದೆ, ಚಕ್ರ ನೇರ ಉರುಳದೆ ಸ್ವಲ್ಪ ಉಜ್ಜಿಕೊಂಡು ಹೋಗುತ್ತಿದೆ. ಎರಡು ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಳ ಅಂಚು ಒಂದೇ ಸವೆದಿದ್ದರೆ ಸಸ್ಪೆನ್ಷನ್‌ನ ಬುಷ್, ಬಾಲ್ ಜಾಯಿಂಟ್ ನೋಡಿಸಬೇಕು, ಬರೇ ಹೊಸ ಟಯರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ. ಪೂರ್ತಿ ಅಗಲಕ್ಕೆ ಸಮವಾಗಿ ಸವೆದಿದ್ದರೆ ಮಾತ್ರ ಭಾರ ಮತ್ತು ಎಳೆತದ ಸವೆತ ಅನ್ನಬಹುದು. ಈ ಪರೀಕ್ಷೆಗೆ ಯಾವ ಮೆಷಿನ್ನೂ ಬೇಡ, ಮನೆಯಂಗಳದಲ್ಲೇ ಆಗುತ್ತದೆ.

ಎಂಟರಿಂದ ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ. ಇವಿಗೆ ಆಯಿಲ್ ಬದಲಿಸುವ ಕೆಲಸ ಇಲ್ಲದ್ದರಿಂದ ಎಷ್ಟೋ ಜನ ವರ್ಕ್‌ಶಾಪ್ ಕಡೆ ಮುಖವೇ ಹಾಕುವುದಿಲ್ಲ. ಹಾಗಾಗಿ ರೊಟೇಷನ್ ತಪ್ಪಿಹೋಗುತ್ತದೆ. ಮತ್ತೆ ಯಾರೇ ಗಾಡಿ ಎತ್ತಲಿ, ಜಾಕಿ ಎಲ್ಲಿ ಕೊಡುತ್ತಾರೆ ಅಂತ ನೀವೇ ನಿಂತು ನೋಡಿ. ಇವಿಯ ಹೊಟ್ಟೆಯ ತುಂಬ ಬ್ಯಾಟರಿಯ ಪೆಟ್ಟಿಗೆ ಇರುತ್ತದೆ. ಕಂಪನಿ ಗುರುತಿಸಿದ ಜಾಕಿ ಪಾಯಿಂಟ್ ಬಿಟ್ಟು ಬೇರೆಲ್ಲಾದರೂ ಒತ್ತಿದರೆ ಆ ಪೆಟ್ಟಿಗೆ ನುಗ್ಗಾಗುತ್ತದೆ, ಆಮೇಲೆ ಬರುವ ಖರ್ಚಿನ ಮುಂದೆ ಟಯರಿನ ಖರ್ಚು ಏನೂ ಅಲ್ಲ.

205ರ ಮಾತು. ನಿಮ್ಮ ಕಾರಿನ ಅಳತೆ 215/60 ಆರ್ 16. ಅದರ ಮುಂದೆ 95 ಅಂತ ಒಂದು ಅಂಕಿ ಇರುತ್ತದೆ, ಒಂದು ಟಯರ್ 690 ಕೆ.ಜಿ. ಹೊರಬಲ್ಲದು ಅಂತ ಅದರ ಅರ್ಥ. 205/60 ಆರ್ 16ಕ್ಕೆ ಸಾಮಾನ್ಯವಾಗಿ 92 ಇರುತ್ತದೆ, ಅಂದರೆ 630 ಕೆ.ಜಿ. ನಿಂತ ಗಾಡಿಗೆ ನಾಲ್ಕು ಟಯರಿನ ಲೆಕ್ಕ ಹಾಕಿದರೆ ಅದೂ ಸಾಕು ಅನ್ನಿಸಬಹುದು. ಆದರೆ ಐದು ಜನ, ಡಿಕ್ಕಿಯಲ್ಲಿ ಅಡಿಕೆ ಚೀಲ, ಇಳಿತದಲ್ಲಿ ಜೋರು ಬ್ರೇಕ್, ಅದೇ ಹೊತ್ತಿಗೆ ಒಂದು ಹೊಂಡ, ಆಗ ಮುಂದಿನ ಟಯರಿನ ಮೇಲೆ ಬೀಳುವ ಭಾರವೇ ಬೇರೆ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇದೆ. ಅದರಲ್ಲಿರುವ ಅಳತೆಗೂ ಗಾಳಿಯ ಅಂಕಿಗೂ ಸರಿಹೊಂದುವ ಟಯರೇ ಬೇಕು, ಭಾರದ ಅಂಕಿ ಅದಕ್ಕಿಂತ ಕೆಳಗೆ ಇಳಿಯಲೇಬಾರದು. ಹೆಚ್ಚಿದ್ದರೆ ಒಳ್ಳೆಯದು. ‘ಎಕ್ಸ್‌ಎಲ್’ ಗುರುತಿನ 215/60 ಆರ್ 16ರಲ್ಲಿ 99 ಸಿಗುತ್ತದೆ, ಅದು 775 ಕೆ.ಜಿ. ಹೊರುತ್ತದೆ. ನಿಮ್ಮ ಕೆಲಸಕ್ಕೆ ಅದೇ ಸರಿ. ಇವಿಗೆ ಕಡಿಮೆ ಭಾರದ ಟಯರ್ ‘ನಡೆಯುತ್ತದೆ’ ಅಂತ ಯಾರಾದರೂ ಮಾರುವುದು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಉಳಿಯುವುದು ಸ್ವಲ್ಪ ಹಣ, ಅಪಾಯ ಮಾತ್ರ ಮನೆಯವರೆಲ್ಲರಿಗೂ.

ಪ್ರಶ್ನೆ: ನಾನು ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಟಿಯಾಗೊ ಇವಿಯಲ್ಲಿ ಹೋಗಿ ಬರುವುದು. ಜುಲೈ ತಿಂಗಳಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವಾಗ ತಲಪಾಡಿ ದಾಟಿದ ಮೇಲೆ ಹೆದ್ದಾರಿಯಲ್ಲಿ ನಿಂತ ನೀರಿನ ಮೇಲೆ ಕಾರು ತೇಲಿದ ಹಾಗಾಯಿತು. ಸ್ಟೀರಿಂಗ್ ಹಗುರ ಆಯಿತು. ತುಂಬಾ ಹೆದರಿದೆ. ಟಯರ್ ಬದಲಿಸಬೇಕಾ? ಮಳೆಯಲ್ಲಿ ರೀಜೆನ್ ಇಡಬಹುದಾ?
– ಮಂಜೇಶ್ವರದಿಂದ ಒಬ್ಬ ಸೋದರಿ

ಉತ್ತರ: ತಂಗೀ, ನಿಮಗಾದದ್ದು ಅದೇ, ಕಾರು ನಿಜವಾಗಿಯೂ ತೇಲಿತು. ಟಯರಿನ ಚರಂಡಿಗಳಲ್ಲಿ ನೀರು ಹೊರಗೆ ಹೋಗುವುದಕ್ಕಿಂತ ಬೇಗ ಎದುರಿನಿಂದ ನೀರು ಬಂದರೆ, ಟಯರ್ ರಸ್ತೆ ಬಿಟ್ಟು ನೀರಿನ ಮೇಲೆ ಏರುತ್ತದೆ. ಆಗ ಸ್ಟೀರಿಂಗಿಗೂ ಬ್ರೇಕಿಗೂ ಅರ್ಥವಿಲ್ಲ. ಮುಂದೆ ಹಾಗಾದರೆ ಪೆಡಲಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿ, ಸ್ಟೀರಿಂಗ್ ನೇರ ಹಿಡಿದುಕೊಳ್ಳಿ, ಬ್ರೇಕ್ ತುಳಿಯಬೇಡಿ. ಟಯರ್ ಮತ್ತೆ ನೆಲ ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ.

ಇಲ್ಲಿ ‘ಮೆಲ್ಲಗೆ’ ಅನ್ನುವುದು ಇವಿಗೆ ಇನ್ನೂ ಮುಖ್ಯ. ರೀಜೆನ್ ಮೇಲಿನ ಹಂತದಲ್ಲಿದ್ದರೆ ಕಾಲು ತಟ್ಟನೆ ತೆಗೆಯುವುದೂ ಬ್ರೇಕ್ ಹಿಡಿಯುವುದೂ ಒಂದೇ. ಅದೂ ನಿಮ್ಮ ಕಾರಿನಲ್ಲಿ ಹಿಡಿಯುವುದು ಮುಂದಿನ ಎರಡು ಚಕ್ರದಲ್ಲಿ ಮಾತ್ರ. ಜೋರು ಮಳೆ ಶುರುವಾದ ಕೂಡಲೇ ರೀಜೆನ್ ಕೆಳಗಿನ ಹಂತಕ್ಕೆ ಇಳಿಸಿ, ಮಾಮೂಲಿ ಬ್ರೇಕ್ ಬಳಸಿ. ಇನ್ನೊಂದು ಲಾಭವೂ ಇದೆ. ಯಾವಾಗಲೂ ರೀಜೆನ್‌ನಲ್ಲೇ ಓಡಿಸಿದರೆ ಬ್ರೇಕ್ ಡಿಸ್ಕ್‌ಗೆ ಕೆಲಸವೇ ಇರುವುದಿಲ್ಲ. ನಮ್ಮ ಕಡಲಿನ ಗಾಳಿ, ಮಳೆಯ ತೇವಕ್ಕೆ ಅದು ತುಕ್ಕು ಹಿಡಿಯುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ತುಕ್ಕು ಉಜ್ಜಿಹೋಗುತ್ತದೆ.

ಟಯರ್ ಬದಲಿಸಬೇಕಾ ಅಂತ ಬಟನ್ ಆಳವೇ ಹೇಳಬೇಕು. ಹೊಸ ಟಯರಿನಲ್ಲಿ ಸುಮಾರು 7–8 ಮಿ.ಮೀ. ಇರುತ್ತದೆ. ನಮ್ಮ ದೇಶದ ನಿಯಮದಲ್ಲಿ ಕಾರಿಗೆ ಕನಿಷ್ಠ 1.6 ಮಿ.ಮೀ. ಚರಂಡಿಯ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದಲ್ಲ, ಬಟನ್ ಸವೆದು ಅದರ ಮಟ್ಟಕ್ಕೆ ಬಂದರೆ 1.6 ಆಯಿತು ಅಂತ ಲೆಕ್ಕ. ಆದರೆ ಆ ಮಟ್ಟದವರೆಗೆ ಕಾಯುವುದು ಒಣ ಊರಿನವರಿಗೆ ಸರಿಯಾಗಬಹುದು, ಕಾಸರಗೋಡಿಗೆ ಅಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಜಾಗ ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 3 ಮಿ.ಮೀ.ಗೆ ಬಂದ ಟಯರನ್ನು ಎಡವ ಮಳೆಗೆ ಮೊದಲೇ ಬದಲಿಸಿ. ಅಂದರೆ ಮೇ ತಿಂಗಳಿನಲ್ಲಿ ಒಮ್ಮೆ ಅಳೆಸಿ ನೋಡಿ. ಯಾವ ಟಯರ್ ಅಂಗಡಿಯಲ್ಲೂ ಅಳತೆಯ ಗೇಜ್ ಇರುತ್ತದೆ, ಅದಕ್ಕೆ ದುಡ್ಡು ತಗೊಳ್ಳುವವರು ಕಡಿಮೆ.

ಗಾಳಿಯನ್ನು ಸ್ಟಿಕ್ಕರಿನ ಅಂಕಿಯಷ್ಟೇ ಹಾಕಿಸಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ. ಗಾಳಿ ಕಡಿಮೆಯಾದ ಟಯರ್ ನೀರಿನಲ್ಲಿ ಬೇಗ ತೇಲುತ್ತದೆ. ಹಾಗಂತ ರೇಂಜ್ ಸಿಗಲಿ ಅಂತ 40, 42 ತುಂಬಿಸಿಕೊಂಡರೆ ನೆಲ ಮುಟ್ಟುವ ಜಾಗ ಸಣ್ಣದಾಗಿ ಒದ್ದೆಯಲ್ಲಿ ಬ್ರೇಕ್ ಹಿಡಿತ ಹೋಗುತ್ತದೆ. ನಿಮ್ಮ 175/65 ಆರ್ 14 ಕಿರಿದಾದ ಟಯರ್, ನೀರು ಸೀಳುವುದಕ್ಕೆ ಒಳ್ಳೆಯದು. ಚಂದಕ್ಕೆ ಅಂತ ಅಗಲದ್ದು ಹಾಕಿಸಬೇಡಿ. ಮತ್ತೆ, ಒಳ್ಳೆಯ ಟಯರಿದ್ದರೂ ವೇಗ ಇಳಿಸಲೇಬೇಕು. ಆರು ಪಥ ಅಗಲ ಇದೆ ಅಂತ ಕಾಲು ತಾನಾಗಿ ಒತ್ತುತ್ತದೆ. ರಾತ್ರಿ ನಿಂತ ನೀರು ಕಣ್ಣಿಗೆ ಕಾಣುವುದಿಲ್ಲ. ಎದುರಿನ ಗಾಡಿಯ ಚಕ್ರದಿಂದ ನೀರು ಎಷ್ಟು ಮೇಲೆ ಏಳುತ್ತದೆ ಅಂತ ನೋಡುತ್ತಾ ಬನ್ನಿ, ಅದರಲ್ಲಿ ಆಳ ತಿಳಿಯುತ್ತದೆ. ಪಾಳಿ ಮುಗಿದು ದಣಿದಿರುವಾಗ ಮಳೆ ತೀರಾ ಜೋರಾದರೆ ಪೆಟ್ರೋಲ್ ಬಂಕಿನಲ್ಲೋ ಬೆಳಕಿರುವ ಅಂಗಡಿಯ ಮುಂದೋ ಸ್ವಲ್ಪ ಹೊತ್ತು ನಿಂತು ಬನ್ನಿ.

ಪ್ರಶ್ನೆ: ನಮ್ಮ ಮನೆ ಪಾಣತ್ತೂರಿನಿಂದ ಒಳಗೆ. ಮುಖ್ಯ ರಸ್ತೆಯಿಂದ ಮನೆಗೆ ಸ್ವಲ್ಪ ದೂರ ಮುರಕಲ್ಲಿನ ಮಣ್ಣು ರಸ್ತೆ, ಮಳೆಗಾಲದಲ್ಲಿ ಜಾರುತ್ತದೆ. ಎಲೆಕ್ಟ್ರಿಕ್ ಎಸ್‌ಯುವಿ ತಗೊಳ್ಳುವ ಯೋಚನೆ. ದೊಡ್ಡ ಬಟನಿನ ಆಲ್-ಟೆರೇನ್ ಟಯರ್ ಹಾಕಿಸಲಾ?
– ಕೃಷಿಕರು, ಪಾಣತ್ತೂರು

ಉತ್ತರ: ದಿನದ ಓಡಾಟದಲ್ಲಿ ಡಾಂಬರು ಎಷ್ಟು, ಮಣ್ಣು ಎಷ್ಟು ಅಂತ ನೋಡಿ. ನೀವು ಬರೆದ ಪ್ರಕಾರ ಮಣ್ಣು ಸ್ವಲ್ಪವೇ. ದೊಡ್ಡ ಬಟನಿನ ಟಯರ್ ಕೆಸರಿನಲ್ಲಿ ಕಚ್ಚುತ್ತದೆ ನಿಜ. ಆದರೆ ಡಾಂಬರಿನಲ್ಲಿ ಗುಂಯ್ ಅಂತ ಸದ್ದು. ಎಂಜಿನ್ ಸದ್ದೇ ಇಲ್ಲದ ಕಾರಿನಲ್ಲಿ ಅದು ಇನ್ನೂ ಜಾಸ್ತಿ ಕೇಳುತ್ತದೆ. ರೇಂಜ್ ಎದ್ದು ಕಾಣುವಷ್ಟು ಇಳಿಯುತ್ತದೆ. ಒದ್ದೆ ಡಾಂಬರಿನ ತಿರುವಿನಲ್ಲಿ ಹಿಡಿತ ರೋಡ್ ಟಯರಿನಷ್ಟು ಬರುವುದಿಲ್ಲ. ಕರಿಕೆ, ಭಾಗಮಂಡಲ ಕಡೆ ಮಳೆಯಲ್ಲಿ ಘಾಟಿ ಹತ್ತುವವರು ನೀವು, ಆ ಹಿಡಿತ ನಿಮಗೆ ಬೇಕು.

ನನ್ನ ಸಲಹೆ, ಟಯರಿನ ಬದಲು ರಸ್ತೆಗೆ ಸ್ವಲ್ಪ ಖರ್ಚು ಮಾಡಿ. ಜಾರುವ ಏರಿನಲ್ಲಿ ಚಕ್ರ ಹೋಗುವ ಎರಡು ಸಾಲಿಗೆ ಮಾತ್ರ ಕಾಂಕ್ರೀಟ್ ಹಾಕಿಸಿ, ಬದಿಯಲ್ಲಿ ಕಣಿ ತೆಗೆಸಿ ನೀರು ಬೇರೆ ಕಡೆ ಬಿಡಿ. ಮುರಕಲ್ಲಿನ ಮಣ್ಣು ಜಾರುವುದು ಮೇಲಿನ ತೆಳು ಪಾಚಿ ಮತ್ತು ಜೇಡಿಯಿಂದ. ನೀರು ಹರಿಯದಿದ್ದರೆ ಅದು ಕೂರುವುದೇ ಇಲ್ಲ. ಏರಿನಲ್ಲಿ ಪೆಡಲನ್ನು ಹಗುರವಾಗಿ ಒತ್ತಿ. ಮೋಟಾರಿನ ಎಳೆತ ಒಮ್ಮೆಲೇ ಬಂದರೆ ಎಂಥ ಟಯರಾದರೂ ಸುಮ್ನೆ ಗಿರ್ರನೆ ತಿರುಗಿ ನುಣುಪು ಮಾಡಿಬಿಡುತ್ತದೆ. ಕಾರು ಕೊಳ್ಳುವ ಮೊದಲು ಅದರ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇದೆ ಅಂತಲೂ ನೋಡಿ, ನಿಮ್ಮ ರಸ್ತೆಯ ನಡುವಿನ ದಿಬ್ಬಕ್ಕೆ ಬ್ಯಾಟರಿ ತಾಗಬಾರದು.

ಪ್ರಶ್ನೆ: ಇವಿ ಟಯರ್‌ಗೆ ನೈಟ್ರೋಜನ್ ಕಡ್ಡಾಯ ಅಂತ ಒಬ್ಬರು ಹೇಳಿದರು, ಹೌದಾ?
– ಉಪ್ಪಳದ ಓದುಗ

ಉತ್ತರ: ಕಡ್ಡಾಯ ಅಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಹಾಕಿಸಿದರೆ ತೊಂದರೆ ಇಲ್ಲ, ಒಳಗೆ ತೇವ ಕಡಿಮೆ. ಆದರೆ ನೈಟ್ರೋಜನ್ ಹಾಕಿಸಿದ್ದೇನೆ ಅಂತ ತಿಂಗಳುಗಟ್ಟಲೆ ಗಾಳಿ ನೋಡದೆ ಬಿಡುವವರಿಗಿಂತ, ಹದಿನೈದು ದಿನಕ್ಕೊಮ್ಮೆ ಮಾಮೂಲಿ ಗಾಳಿ ಸರಿ ಮಾಡಿಸುವವರ ಟಯರೇ ಚೆನ್ನಾಗಿ ಬಾಳುತ್ತದೆ.

ಪ್ರಶ್ನೆ: ನಮ್ಮ ಕಾರಿನ ಟಯರಿನೊಳಗೆ ಸ್ಪಂಜ್ ಅಂಟಿಸಿದ್ದಾರೆ. ಪಂಚರ್ ಹಾಕಲು ಆಗುವುದಿಲ್ಲ, ಹೊಸತೇ ಬೇಕು ಎಂದು ಒಂದು ಕಡೆ ವಾಪಸ್ ಕಳಿಸಿದರು. ಸ್ಟೆಪ್ನಿಯೂ ಇಲ್ಲ. ಏನು ಮಾಡುವುದು?
– ಬದಿಯಡ್ಕದ ಓದುಗರು

ಉತ್ತರ: ಆ ಸ್ಪಂಜ್ ಸದ್ದು ಕಡಿಮೆ ಮಾಡಲು ಇರುವುದು, ಗಾಳಿ ಹಿಡಿಯಲು ಅಲ್ಲ. ಮೊಳೆ ಬಟನ್ ಭಾಗದಲ್ಲಿ ಹೊಕ್ಕಿದ್ದರೆ ಪಂಚರ್ ಹಾಕಬಹುದು. ಟಯರ್ ರಿಮ್‌ನಿಂದ ಬಿಚ್ಚಿ, ತೂತು ಇರುವಷ್ಟು ಜಾಗದ ಸ್ಪಂಜನ್ನು ಕತ್ತರಿಸಿ ತೆಗೆದು, ಅಂಟು ಪೂರ್ತಿ ಕೆರೆದು, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಬೇಕು. ಹೊರಗಿನಿಂದ ಬತ್ತಿ ತುರುಕುವುದಕ್ಕಿಂತ ಹೊತ್ತು ಜಾಸ್ತಿ ಬೇಕು, ಆ ತಾಳ್ಮೆ ಇರುವ ಅಂಗಡಿಗೆ ಹೋಗಿ. ಸೈಡ್‌ವಾಲ್‌ನಲ್ಲೋ ಅಂಚಿನಲ್ಲೋ ತೂತಾದರೆ ಮಾತ್ರ ಹೊಸ ಟಯರೇ ಗತಿ. ಸ್ಟೆಪ್ನಿ ಬದಲು ಕೊಟ್ಟ ಸೀಲಂಟ್ ದ್ರವವನ್ನು ದಾರಿಯಲ್ಲಿ ಬೇರೆ ಉಪಾಯವೇ ಇಲ್ಲದಾಗ ಮಾತ್ರ ಬಳಸಿ, ಅದು ಸ್ಪಂಜಿಗೆ ಹೀರಿಕೊಂಡು ಗಾಳಿಯ ಸೆನ್ಸರಿಗೂ ಮೆತ್ತಿಕೊಳ್ಳುತ್ತದೆ. ಬಳಸಿದ್ದರೆ ಪಂಚರ್ ಹಾಕುವವರಿಗೆ ಮೊದಲೇ ತಿಳಿಸಿ. ಜೊತೆಗೆ ಬಂದ ಸಣ್ಣ ಗಾಳಿ ಪಂಪ್ ಕೆಲಸ ಮಾಡುತ್ತದಾ ಅಂತ ಇವತ್ತೇ ಒಮ್ಮೆ ಹಚ್ಚಿ ನೋಡಿ. ಮೆಲ್ಲಗೆ ಗಾಳಿ ಹೋಗುವ ಪಂಚರಾದರೆ ಅದರಿಂದಲೇ ತುಂಬಿಸಿಕೊಂಡು ಹತ್ತಿರದ ಅಂಗಡಿ ಮುಟ್ಟಬಹುದು.